ಪಕ್ಕದ ಮೇಜಿನವರು ನೋಡಲಿಲ್ಲವೇ?

ಸಂಪಾದಕರೇ,

ಮಂಡ್ಯದ ಕಂದಾಯ ಕಚೇರಿಯಲ್ಲಿ ಲಂಚ ತೆಗೆದುಕೊಳ್ಳುವಾಗ ಗುಮಾಸ್ತರು ಸಿಕ್ಕಿಬಿದ್ದ ನಿನ್ನೆಯ ಸುದ್ದಿ ಓದಿದೆ. ಉಳಿದ ಸಿಬ್ಬಂದಿ ತಮಗೇನೂ ಗೊತ್ತಿರಲಿಲ್ಲ ಎಂದಿದ್ದಾರಂತೆ. ಮೈ ಉರಿದುಹೋಯಿತು.

ಅಪ್ಪ ತೀರಿಕೊಂಡ ಮೇಲೆ ಜಮೀನನ್ನು ವಾರಸುದಾರರ ಹೆಸರಿಗೆ ಮಾಡಿಸುವ ಪೌತಿ ಖಾತೆಗಾಗಿ ಅದೇ ಮೇಜಿನ ಮುಂದೆ ಒಂಬತ್ತು ಸಲ ನಿಂತಿದ್ದೇನೆ. ಕಬ್ಬು ಕಡಿಯುವ ಆಳುಗಳನ್ನು ಗದ್ದೆಯಲ್ಲೇ ಬಿಟ್ಟು ಬಸ್ಸು ಹಿಡಿದು ಮಂಡ್ಯಕ್ಕೆ ಬಂದರೆ ಸರ್ವರ್ ಇಲ್ಲ, ಸಾಹೇಬರು ಮೀಟಿಂಗ್‌ನಲ್ಲಿದ್ದಾರೆ, ನಾಳೆ ಬಾ. ಹೆಬ್ಬೆಟ್ಟು ಒತ್ತಿಸಲು ಅವ್ವನನ್ನು ಎರಡು ಸಲ ಕರೆತಂದೆ. ಕೂರಲು ಬೆಂಚಿಲ್ಲ, ಕುಡಿಯಲು ನೀರಿಲ್ಲ. ಮಂಡಿನೋವಿನಲ್ಲಿ ಮೆಟ್ಟಿಲ ಮೇಲೇ ಕೂತಿದ್ದಳು. ನಾನು ದುಡ್ಡು ಕೊಡಲಿಲ್ಲ. ಫೈಲು ಏಳಲಿಲ್ಲ.

ನನ್ನ ಮುಂದಿದ್ದವರು ಕೊಟ್ಟರು. ಗುಮಾಸ್ತರು ಡ್ರಾಯರನ್ನು ಒಂದು ಗೇಣು ಎಳೆದರು. ಅರ್ಜಿಯ ಮಡಿಕೆಯಲ್ಲಿದ್ದ ನೋಟು ಒಳಗೆ ಬಿತ್ತು. ಮೂರಡಿ ದೂರದಲ್ಲಿದ್ದ ಇನ್ನೊಬ್ಬರು ಆಗ ಒಂದೇ ಹಾಳೆಗೆ ಎರಡೆರಡು ಸಲ ಸೀಲು ಒತ್ತಿದರು, ತಲೆ ಮಾತ್ರ ಎತ್ತಲಿಲ್ಲ. ಗೊತ್ತಿರಲಿಲ್ಲ ಅಂದರೆ ಇದೇ ಏನು?

ಭ್ರಷ್ಟಾಚಾರ ತಡೆ ಕಾಯ್ದೆಯನ್ನು 2018ರಲ್ಲಿ ತಿದ್ದಿದರು. ಬಲವಂತಕ್ಕೆ ಲಂಚ ಕೊಟ್ಟವನು 7 ದಿನದೊಳಗೆ ದೂರು ಕೊಡಬೇಕು, ಇಲ್ಲದಿದ್ದರೆ ಅವನ ಮೇಲೂ ಕೇಸು. ದಿಕ್ಕು ತೋಚದ ರೈತನಿಗೆ ಗಡುವು ಹಾಕುತ್ತೀರಿ. ಸರ್ಕಾರದ ಸಂಬಳ ತಿಂದು ಪಕ್ಕದಲ್ಲಿ ಕೂತು ನೋಡುವವರಿಗೆ ಯಾಕೆ ಗಡುವಿಲ್ಲ? ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ಗೊತ್ತಿದ್ದೂ ಸುಮ್ಮನಿದ್ದರೆ ಪೋಕ್ಸೊದಲ್ಲಿ ಜೈಲಿದೆ ಅಲ್ವಾ? ಇದಕ್ಕೂ ಹಾಗೇ ಮಾಡಲಿ. ದೂರು ಕೊಟ್ಟವರನ್ನು ಎತ್ತಂಗಡಿ ಮಾಡುತ್ತಾರೆ ಅನ್ನುವ ಭಯ ಸುಳ್ಳಲ್ಲ. ಅಂಥವರ ರಕ್ಷಣೆಗೆ 2014ರಲ್ಲೇ ಸಂಸತ್ತಿನಲ್ಲಿ ಕಾನೂನು ಪಾಸಾಯಿತು, ಜಾರಿಗೇ ತರಲಿಲ್ಲ. ಯಾರನ್ನು ಕೇಳೋಣ?

ನಮ್ಮ ರಾಜ್ಯದಲ್ಲಿ 2016ರಲ್ಲಿ ಭ್ರಷ್ಟಾಚಾರ ನಿಗ್ರಹ ದಳ (ಎಸಿಬಿ) ಮಾಡಿದರು, 2022ರಲ್ಲಿ ಹೈಕೋರ್ಟ್ ಅದನ್ನು ರದ್ದು ಮಾಡಿತು, ಲಂಚದ ತನಿಖೆ ಮತ್ತೆ ಲೋಕಾಯುಕ್ತಕ್ಕೇ ಬಂತು. ಅಷ್ಟೂ ವರ್ಷ ನಮ್ಮ ಕಚೇರಿಯ ಡ್ರಾಯರ್ ಅದೇ ಇತ್ತು. ಗೋಡೆಯ ಮೇಲೆ ಸಕಾಲ ಬೋರ್ಡಿದೆ, ಇಂತಿಷ್ಟು ದಿನದಲ್ಲಿ ಕೆಲಸ ಎಂದು. ಅದರಡಿಯಲ್ಲೇ ನಿಂತು ನಿಂತು ನನ್ನ ಚಪ್ಪಲಿ ಸವೆದಿದೆ. ಕೈಕೆಳಗಿನವರು ಪ್ರಾಮಾಣಿಕರಾಗಿರುವಂತೆ ನೋಡಿಕೊಳ್ಳಬೇಕಾದ ಮೇಲಧಿಕಾರಿ ವಾರಕ್ಕೊಮ್ಮೆಯಾದರೂ ಹಾಲ್‌ಗೆ ಬಂದು ನೋಡಬಾರದೇ?

ಕಂಡದ್ದನ್ನು ಬರೆದುಕೊಡುವುದು ಪ್ರತಿ ನೌಕರರಿಗೂ ಕಡ್ಡಾಯವಾಗಲಿ. ಮುಚ್ಚಿಟ್ಟವರಿಗೆ ಬಡ್ತಿ ಕೊಡಬೇಡಿ. ಆ ಹಾಲ್‌ನಲ್ಲಿದ್ದವರನ್ನೆಲ್ಲ ಈಗಲೇ ಕರೆದು ವಿಚಾರಿಸಿ. ಹಾಗೇ ನಮ್ಮ ಖಾತೆಯನ್ನೂ ಮಾಡಿಕೊಡಿ, ಅವ್ವನನ್ನು ಇನ್ನೊಂದು ಸಲ ಆ ಮೆಟ್ಟಿಲು ಹತ್ತಿಸಲು ನನ್ನಿಂದಾಗದು.

– ಒಬ್ಬ ರೈತ, ಮಂಡ್ಯ