ಮಿಹರಾ ಬೆಟ್ಟದಲ್ಲಿ ಅಜ್ಜನ ಹೊಲ

ರಾತ್ರಿ ಹನ್ನೊಂದೂವರೆ. ಬೆಳಗಾಗೋದರೊಳಗೆ ನಮ್ಮ ಕನ್ನಡ ಸಂಘದ ಪತ್ರಿಕೆಗೆ ಈ ಪುಟ ಕಳಿಸಲೇಬೇಕು. ರಾಜ್ಯೋತ್ಸವದ ಬಗ್ಗೆ ಬರೆಯೋಣ ಅಂತ ಕೂತೆ, ಆದರೆ ಮಗಳ ಒಂದು ಮಾತು ತಲೆಯಿಂದ ಹೋಗ್ತಾನೇ ಇಲ್ಲ.

ಹೋದ ವಾರ ನಾವು ಏಳೆಂಟು ಮನೆಯವರು ಜಪಾನಿನ ಇಜು ಓಶಿಮಾ ದ್ವೀಪಕ್ಕೆ ಹೋಗಿದ್ದೆವು. ಟೋಕಿಯೋದ ತಕೆಶಿಬಾದಿಂದ ಜೆಟ್ ಹಡಗಿನಲ್ಲಿ ಒಂದೂಮುಕ್ಕಾಲು ಗಂಟೆ. ಅಲ್ಲಿನ ಮಿಹರಾ ಬೆಟ್ಟ ಇಂದಿಗೂ ಜೀವಂತ ಜ್ವಾಲಾಮುಖಿ. ಅದರ ಬೆಂಕಿಗೆ ದ್ವೀಪದವರು ‘ಗೋಜಿಂಕಾ’, ಅಂದರೆ ದೇವರ ಬೆಂಕಿ, ಅಂತಾರೆ. ನಮ್ಮ ಗೈಡ್ ಅಲ್ಲೇ ಹುಟ್ಟಿ ಬೆಳೆದವರು. 1986ರ ನವೆಂಬರ್ 21ರ ಸಂಜೆ ನೆಲ ಬಿರಿದು ಬೆಂಕಿ ಮೇಲೆದ್ದಾಗ ಅವರು ಐದನೇ ಕ್ಲಾಸು. ಆ ರಾತ್ರಿಯೇ ದ್ವೀಪದ ಸುಮಾರು ಹತ್ತು ಸಾವಿರ ಜನರನ್ನೂ ಹಡಗು ಹತ್ತಿಸಿದರು. ಒಂದು ತಿಂಗಳು ಟೋಕಿಯೋದ ಜಿಮ್ ಹಾಲ್‌ನಲ್ಲಿ ಮಲಗಿದ್ದರಂತೆ. ನಾಯಿಯನ್ನು ಬಿಟ್ಟು ಬಂದಿದ್ದೆ ಅನ್ನೋವಾಗ ಅವರ ದನಿ ಸಣ್ಣದಾಯಿತು.

ಮೇಲೆ ಮಿಹರಾ ಗುಡಿ ಇದೆ. ಲಾವಾ ಅಲ್ಲಿಯವರೆಗೂ ಹರಿದು ಬಂದು, ಗುಡಿಯನ್ನು ಮುಟ್ಟದೆ ಉಳಿಸಿದೆ. ಅಲ್ಲಿ ಎಲ್ಲರೂ ಸುಮ್ನೆ ಕೈ ಮುಗಿದೆವು.

ಆಮೇಲೆ ಕರಿ ಹರಳಿನ ಬಯಲು. ಹೆಜ್ಜೆ ಇಟ್ಟರೆ ಚರಚರ ಸದ್ದು. ಮಗಳು ಒಂದು ಕಲ್ಲು ಎತ್ತಿಕೊಂಡಳು, ಮೈಯೆಲ್ಲ ತೂತು, ಹೂವಿನಷ್ಟು ಹಗುರ. ಇದು ರಾಷ್ಟ್ರೀಯ ಉದ್ಯಾನ, ಒಯ್ಯೋ ಹಾಗಿಲ್ಲಮ್ಮ ಅಂತ ಗೈಡ್ ಮೆಲ್ಲಗೆ ಹೇಳಿದರು. ಅದನ್ನು ವಾಪಸ್ ಇಡುತ್ತಾ ನನ್ನ ಕಡೆ ತಿರುಗಿ ಅಂದಳು: “ಅಮ್ಮಾ, ಇದು ಅಜ್ಜನ ಹೊಲದ ಬಣ್ಣ.”

ಅವಳು ಹೇಳಿದ್ದು ಸುಳ್ಳಲ್ಲ. ವಿಜಯಪುರದ ಕಡೆಯ ನಮ್ಮ ಎರೆ ಭೂಮಿ ಹುಟ್ಟಿದ್ದೂ ಸುಮಾರು 6.6 ಕೋಟಿ ವರ್ಷದ ಹಿಂದೆ ಹರಿದ ಲಾವಾದಿಂದಲೇ. ಗೋಳಗುಮ್ಮಟ ಕಟ್ಟಿದ್ದೂ ಅದೇ ಕರಿಕಲ್ಲಿನಲ್ಲಿ. ಆದರೆ ನನಗೆ ಆಗ ನೆನಪಾಗಿದ್ದು ನಮ್ಮಪ್ಪನ ಕಾಲು. ಮಳೆ ಬಿದ್ದ ಮಾರನೇ ದಿನ ಹೊಲಕ್ಕೆ ಹೋದರೆ ಹೆಜ್ಜೆಹೆಜ್ಜೆಗೂ ಎರೆ ಮೆತ್ತಿಕೊಂಡು ಕಾಲು ಸೇರುಗಲ್ಲಿನಷ್ಟು ಭಾರ ಆಗೋದು. “ಚಪ್ಪಲಿ ಬಿಟ್ಟು ಬಾರವ್ವಾ, ಎರಿ ಹಿಡಕೋತದ” ಅನ್ನೋರು ಅಪ್ಪ. ಬದುವಿನ ಮೇಲೆ ಕೂತು ಕುರ್ಪಿಯ ತುದಿಯಿಂದ ಮೊದಲು ನನ್ನ ಪಾದ, ಆಮೇಲೆ ತಮ್ಮದು ಕೆರೆಯೋರು. ಬೇಸಿಗೆಯಲ್ಲಿ ಅದೇ ನೆಲ ಕೈ ಹಿಡಿಸುವಷ್ಟು ಬಿರುಕು ಬಿಡೋದು, ಅದರಲ್ಲಿ ನನ್ನ ಎಷ್ಟು ಗೋಲಿ ಹೋದವೋ! ಮಳೆ ನಿಂತ ಮೇಲೂ ಒಳಗಿನ ಹಸಿಯಲ್ಲೇ ಹಿಂಗಾರಿ ಜೋಳ ತೆನೆ ಬಿಡೋದು. ಈಗಲೂ ಬಿಡುತ್ತೆ, ನೋಡೋಕೆ ನಾನು ಅಲ್ಲಿಲ್ಲ ಅಷ್ಟೆ.

ಮಿಹರಾದಲ್ಲಿ ಇನ್ನೂ ಮಣ್ಣಾಗಿಲ್ಲ. ಅಲ್ಲಲ್ಲಿ ಹುಲ್ಲಿನ ಗುಂಪು, ಇತಾದೊರಿ ಅನ್ನೋ ಗಿಡ, ಅಷ್ಟೇ. ಬರಡು ಹರಳಿನಲ್ಲಿ ಮೊದಲು ಬೇರು ಬಿಡೋದು ಅವೇ ಅಂತ ಗೈಡ್ ತೋರಿಸಿದರು.

ಈಗ ಬೇಗ ಬೇಗ ಸಂಘದ ಸುದ್ದಿ. ರಾಜ್ಯೋತ್ಸವ ನವೆಂಬರ್ ಎರಡನೇ ಭಾನುವಾರ, ಬೆಳಿಗ್ಗೆ ಹತ್ತಕ್ಕೆ. ಊಟಕ್ಕೆ ಹೆಸರು ಈ ಶುಕ್ರವಾರದೊಳಗೆ ಕೊಡಿ, ಜೋಳದ ರೊಟ್ಟಿ ಬಡಿಯೋಕೆ ನಾಲ್ಕು ಜನ ಬೇಕು. ಮಕ್ಕಳ ನಾಟಕದ ತಾಲೀಮು ಶನಿವಾರ ಸಂಜೆ. ಕನ್ನಡ ಕ್ಲಾಸು ನಡೆಸುತ್ತಿದ್ದ ದಂಪತಿ ಡಿಸೆಂಬರ್‌ನಲ್ಲಿ ಮೈಸೂರಿಗೆ ವಾಪಸ್ ಹೋಗ್ತಿದ್ದಾರೆ, ಹನ್ನೊಂದು ಮಕ್ಕಳಿದ್ದಾರೆ, ಯಾರಾದರೂ ಮುಂದೆ ಬನ್ನಿ. ವಾರಕ್ಕೆ ಒಂದೇ ಗಂಟೆ.

ಇನ್ನೊಂದು ಮಾತು. ಎರಡು ಸಂಚಿಕೆಯಿಂದ ಯಾರ ಬರಹವೂ ಬಂದಿಲ್ಲ, ಒಬ್ಬಳೇ ಪುಟ ತುಂಬಿಸೋಕೆ ನನ್ನ ಕೈಲಿ ಆಗ್ತಿಲ್ಲ. ದೊಡ್ಡ ಲೇಖನ ಬೇಡ. ನಿಮ್ಮೂರಿನ ಮಣ್ಣಿಗೆ ಏನಂತಾರೆ, ಅದು ಕಾಲಿಗೆ ಹೇಗೆ ಅಂಟುತ್ತಿತ್ತು, ಎರಡೇ ಸಾಲು ಬರೆದು ಕಳಿಸಿ.