ಅಜ್ಜಿ ಹೇಳದೆ ಬಿಟ್ಟ ಅರ್ಧ

ಲೋ ಗುಂಡ,

ಫೋನ್ ಮಾಡಿದರೆ ಮಧ್ಯದಲ್ಲೇ ನಗುತ್ತೀಯ. ಅದಕ್ಕೇ ಊರೆಲ್ಲ ನೋಡುವ ಹಾಗೆ ಇಲ್ಲೇ ಬರೆಯುತ್ತಿದ್ದೇನೆ.

ಹೋದ ವಾರ ಹಿರೇಕೆರೂರಿಗೆ ಮದುವೆಗೆ ಹೋದವನು ಅಬಲೂರಿಗೂ ಹೋಗಿದ್ದೆ. ಸರ್ವಜ್ಞನ ಊರು ಅನ್ನುತ್ತಾರಲ್ಲ, ಒಂದು ಫೋಟೋ ಹಾಕೋಣ ಅಂತ.

ಅಲ್ಲಿಯ ಸೋಮೇಶ್ವರ ಗುಡಿಯಲ್ಲಿ ಏಕಾಂತದ ರಾಮಯ್ಯ ಎಂಬ ಶಿವಭಕ್ತನ ಶಾಸನವಿದೆ. ನಮ್ಮಜ್ಜಿ ಹೇಳುತ್ತಿದ್ದ ಕಥೆ ನೆನಪಿದೆಯಾ? ಜೈನರ ಜೊತೆ ಪಂಥ ಕಟ್ಟಿ, ತನ್ನ ತಲೆ ತಾನೇ ಕಡಿದು ಶಿವನಿಗೆ ಒಪ್ಪಿಸಿ, ಏಳು ದಿನಕ್ಕೆ ವಾಪಸ್ ಪಡೆದವನು. ತಲೆ ಕೂತಿತು, ಕಥೆ ಮುಗಿಯಿತು, ಮಲಗಿ ಅನ್ನುತ್ತಿದ್ದಳು. ಕಲ್ಲಿನಲ್ಲಿ ಅಲ್ಲಿಗೇ ಮುಗಿಯುವುದಿಲ್ಲ ಕಣೋ. ಪಂಥದ ಮಾತಿನಂತೆ ಬಸದಿ ಬಿಡಲು ಜೈನರು ಒಪ್ಪಲಿಲ್ಲ. ಅವರ ಮುಖಂಡ ಸಂಕಗಾವುಂಡ ಆಳು, ಕುದುರೆ ಒಡ್ಡಿ ನಿಂತ. ರಾಮಯ್ಯ ಕಾದಿ ಗೆದ್ದು, ಜಿನನ ಮೂರ್ತಿ ಒಡೆದು ಲಿಂಗ ಇಟ್ಟ. ಜೈನರು ರಾಜ ಬಿಜ್ಜಳನಿಗೆ ದೂರು ಕೊಟ್ಟರೆ, ಅವನು ಜಯಪತ್ರ ಕೊಟ್ಟಿದ್ದು ರಾಮಯ್ಯನಿಗೇ. ಒಡೆದದ್ದನ್ನು ಶಿಲ್ಪ ಮಾಡಿ, ಅಕ್ಷರದಲ್ಲೂ ಕೆತ್ತಿಸಿದ್ದಾರೆ. ಕೆತ್ತಿಸಿದ್ದು ಸುಮಾರು 1200ರಲ್ಲಿ. ನಡೆದದ್ದು ಎಷ್ಟೋ, ಹೆಮ್ಮೆಯಂತೂ ನಿಜ.

ನೋಡಿ ಬೇಜಾರಾಗಬೇಕಿತ್ತು ಅಲ್ವಾ? ಮೊದಲು ಆಗಿದ್ದು ಖುಷಿ. ನಮ್ಮವನು ಗೆದ್ದ ಅಂತ. ಬಸವಣ್ಣನ ದಯೆಯ ಬಗ್ಗೆ ಭಾಷಣ ಮಾಡಿ ಸ್ಟೀಲ್ ಲೋಟ ಗೆದ್ದವನು ನಾನು!

ಇನ್ನೊಂದೂ ಹೇಳಿಬಿಡುತ್ತೇನೆ. ಹೋದ ವರ್ಷ ನಮ್ಮ ಹಿಂದಿನ ಬೀದಿಯಲ್ಲಿ ಮೆರವಣಿಗೆ ಹೋಗುವಾಗ ಗಲಾಟೆಯಾಯಿತು. ಒಂದು ಅಂಗಡಿಗೆ ಕಲ್ಲು ಬಿತ್ತು. ಯಾರಿಗಾದರೂ ಪೆಟ್ಟಾಯಿತಾ ಅಂತ ನಾನು ಕೇಳಲಿಲ್ಲ. ಯಾರ ಅಂಗಡಿ ಅಂತ ಕೇಳಿದೆ. ನಮ್ಮವರದಲ್ಲ ಅಂದರು. ಊಟಕ್ಕೆ ಕೂತೆ, ಎರಡನೇ ಸಲ ಸಾರೂ ಹಾಕಿಸಿಕೊಂಡೆ. ಅದು ನನ್ನ ಮದುವೆ ಸೂಟು ಹೊಲಿದ ಟೈಲರ್ ಅಂಗಡಿ ಅಂತ ಬೆಳಿಗ್ಗೆ ಗೊತ್ತಾಯಿತು.

1368ರಲ್ಲಿ ವಿಜಯನಗರದ ಬುಕ್ಕರಾಯ ಜೈನರ ಕೈಯನ್ನು ಶ್ರೀವೈಷ್ಣವರ ಕೈಯಲ್ಲಿಟ್ಟು ರಾಜಿ ಮಾಡಿಸಿದ್ದನ್ನು ಶಾಲೆಯಲ್ಲಿ ಓದಿದ್ದೆವಲ್ಲ. ಅದೇ ಶಾಸನದಲ್ಲಿ ಶ್ರವಣಬೆಳಗೊಳದ ದೇವರ ಕಾವಲಿಗೆ 20 ಆಳು ಇಡುವ ಏರ್ಪಾಡೂ ಇದೆ. ಖರ್ಚು ಜೈನರದೇ, ಮನೆಗೆ ವರ್ಷಕ್ಕೊಂದು ‘ಹಣ’ (ಆಗಿನ ನಾಣ್ಯ). ಕೈ ಕುಲುಕಿಸಿದ ಮೇಲೂ ಕಾವಲು! ಬುಕ್ಕನಿಗೆ ನನ್ನಂಥವರು ಚೆನ್ನಾಗಿ ಗೊತ್ತಿದ್ದರು.

ಸರಿ, ಇಷ್ಟೆಲ್ಲ ಬರೆಯಬೇಕು ಅಂದುಕೊಂಡಿರಲಿಲ್ಲ. ಮೊನ್ನೆ ಆ ಟೈಲರ್ ಹತ್ತಿರ ಪ್ಯಾಂಟು ಹೊಲಿಯಲು ಕೊಟ್ಟು ಬಂದೆ. ಅವರು ಟೇಪು ಹಿಡಿದು ಹಳೇ ಅಳತೆ ಪುಸ್ತಕ ತೆಗೆದು ನೋಡಿ ಜೋರಾಗಿ ನಕ್ಕರು. ಎಷ್ಟು ಇಂಚು ಅಂತ ಮಾತ್ರ ಕೇಳಬೇಡ. ಅಬಲೂರಿನ ಫೋಟೋದಲ್ಲಿ ಉಸಿರು ಬಿಗಿ ಹಿಡಿದಿದ್ದೇನೆ, ಬೇಗ ಲೈಕ್ ಒತ್ತು.

ನಿನ್ನ,
ಸ್ಟೀಲ್ ಲೋಟ