ಓರ್ವಿಯೆತೊ ಬಾವಿಗೆ ಇಳಿದು ಹತ್ತಿದ್ದು

ಅಮ್ಮಾ,

ನಿನಗೂ ಅಪ್ಪನಿಗೂ ನಮಸ್ಕಾರ. ನಾನು ಚೆನ್ನಾಗಿದೀನಿ. ಮೊಣಕಾಲು ಮಾತ್ರ ಎರಡು ದಿನದಿಂದ ನಿನ್ನ ಮೊಣಕಾಲಿನ ಹಾಗೇ ನೋಯ್ತಿದೆ. ಯಾಕೆ ಅಂತ ಹೇಳ್ತೀನಿ.

ಭಾನುವಾರ ರೋಮಿನಿಂದ ರೈಲು ಹತ್ತಿ ಓರ್ವಿಯೆತೊಗೆ ಹೋಗಿದ್ದೆ. ಸ್ಟೇಷನ್ ಕೆಳಗೆ, ಊರು ಮೇಲೆ. ಜ್ವಾಲಾಮುಖಿಯ ಬೂದಿ ಗಟ್ಟಿಯಾಗಿ ಆದ ಬಂಡೆ, ಸುತ್ತಲೂ ಗೋಡೆ ಕಡಿದ ಹಾಗೆ ನೆಟ್ಟಗೆ. ನಮ್ಮ ದುರ್ಗದಲ್ಲಿ ಏಳು ಸುತ್ತು ಕೋಟೆ ಕಟ್ಟಬೇಕಾಯ್ತು, ಇವರಿಗೆ ಬೆಟ್ಟವೇ ಕೋಟೆ. ಮೇಲಕ್ಕೆ ಹಗ್ಗದ ರೈಲಿದೆ. 1888ರಲ್ಲಿ ಶುರುವಾದಾಗ ಅದು ಓಡ್ತಿದ್ದದ್ದು ನೀರಿನ ಭಾರದಿಂದ: ಮೇಲಿನ ಬಂಡಿಗೆ ನೀರು ತುಂಬಿದರೆ ಅದು ಇಳೀತಾ ಕೆಳಗಿನದನ್ನ ಎಳ್ಕೊಳ್ಳೋದು. ರಾಟೆಗೆ ಎರಡು ಕೊಡ ಕಟ್ಟಿದ ಹಾಗೆ!

ಊರು ಎಟ್ರುಸ್ಕನ್ನರ ಕಾಲದ್ದು, ಅಂದರೆ ರೋಮನ್ನರಿಗಿಂತ ಮುಂಚೆ ಇಲ್ಲಿ ಆಳ್ತಿದ್ದ ಜನ. ಕ್ರಿ.ಪೂ. 264ರಲ್ಲಿ ರೋಮನ್ನರು ಹಾಳುಗೆಡವಿದರು. ಆಮೇಲೆ ಪೋಪರುಗಳು ಬಂದು ಹೋಗಿ ಮಾಡ್ತಿದ್ದ ಜಾಗ ಆಯ್ತು. 1290ರಲ್ಲಿ ಶುರು ಮಾಡಿದ ದೊಡ್ಡ ಚರ್ಚಿದೆ, ಪಕ್ಕದ ಗೋಡೆಗಳಿಗೆ ಕಪ್ಪು ಬಿಳಿ ಪಟ್ಟೆ. ಎಲ್ಲರೂ ಅದರ ಮುಂದೆ ನಿಂತು ಫೋಟೋ ತೆಗೀತಾರೆ, ನಾನೂ ತೆಗೆದೆ. ಆದರೆ ನನಗೆ ಹಿಡಿಸಿದ್ದು ಬಾವಿ.

1527ರಲ್ಲಿ ಐದನೇ ಚಾರ್ಲ್ಸ್ ಚಕ್ರವರ್ತಿಯ ಸೈನ್ಯ ರೋಮನ್ನ ಲೂಟಿ ಮಾಡ್ತು. ಏಳನೇ ಕ್ಲೆಮೆಂಟ್ ಪೋಪ್ ತಪ್ಪಿಸ್ಕೊಂಡು ಇಲ್ಲಿಗೆ ಬಂದ. ಬೆಟ್ಟ ಹತ್ತಿ ಯಾರೂ ಗೆಲ್ಲಲಾರರು, ಸರಿ. ಮುತ್ತಿಗೆ ಹಾಕಿ ಕೂತರೆ ಕುಡಿಯೋಕೆ ನೀರು? ಆಂಟೋನಿಯೋ ದಾ ಸಾಂಗಾಲ್ಲೋ ಅನ್ನೋ ವಾಸ್ತುಶಿಲ್ಪಿಯಿಂದ ಬಾವಿ ತೋಡಿಸಿದ. ಆಳ ಸುಮಾರು 53 ಮೀಟರ್. ನಡುವೆ ಬಾವಿ, ಅದರ ಸುತ್ತ ಒಂದಕ್ಕೊಂದು ಹೆಣೆದ ಹಾಗೆ ಎರಡು ಸುರುಳಿ ಮೆಟ್ಟಿಲು, ಒಂದೊಂದಕ್ಕೆ 248. ಬರಿಗೊಡ ಹೊತ್ತ ಹೇಸರಗತ್ತೆ ಒಂದರಲ್ಲಿ ಇಳಿದು, ತಳದ ಸಣ್ಣ ಸೇತುವೆ ದಾಟಿ, ತುಂಬಿಸ್ಕೊಂಡು ಇನ್ನೊಂದರಲ್ಲಿ ಹತ್ತಬೇಕು. ಇಳಿಯೋದು ಹತ್ತೋದು ಎದುರಾಗೋದೇ ಇಲ್ಲ. ನಮ್ಮ ಬೀದಿ ನಲ್ಲಿ ಹತ್ತಿರ ಕೊಡಕ್ಕೆ ಕೊಡ ತಾಗಿ ಆಗ್ತಿದ್ದ ಜಗಳ ನೆನಪಾಗಿ ಒಬ್ಬಳೇ ನಕ್ಕೆ.

ಒಳಗೋಡೆಗೆ 70 ಕಿಟಕಿ. ಇಳೀತಾ ಹೋದ ಹಾಗೆ ಬೆಳಕು ಮಜ್ಜಿಗೆ ನೀರಿನ ಬಣ್ಣಕ್ಕೆ ತಿರುಗುತ್ತೆ, ಗೋಡೆ ಮುಟ್ಟಿದರೆ ಬೆರಳಿಗೆ ತೇವ. ಎದುರು ಕಿಟಕಿಯಲ್ಲಿ ಒಂದು ಮಗು ಕೈ ಬೀಸ್ತು, ನಾನೂ ಬೀಸಿದೆ. ಅದು ಹತ್ತುತ್ತಾ ಇತ್ತು, ನಾನು ಇಳೀತಾ ಇದ್ದೆ. ಮೆಟ್ಟಿಲು ತಗ್ಗು, ಅಗಲ, ಕತ್ತೆಯ ಹೆಜ್ಜೆಗೆ ಮಾಡಿದ್ದು. ಮನುಷ್ಯರಿಗೆ ಒಂದು ಹೆಜ್ಜೆಗೆ ಹೆಚ್ಚು, ಎರಡಕ್ಕೆ ಕಡಿಮೆ. ನನ್ನ ಮೊಣಕಾಲು ಹೋಗಿದ್ದು ಅಲ್ಲೇ.

ಕೆಲಸ ಮುಗಿದಿದ್ದು 1537ರಲ್ಲಿ. ಕ್ಲೆಮೆಂಟ್ 1534ಕ್ಕೇ ತೀರಿಕೊಂಡಿದ್ದ. ಒಂದು ಗುಟುಕೂ ಕುಡೀಲಿಲ್ಲ, ಪಾಪ.

ಮಧ್ಯಾಹ್ನ ಉಂಬ್ರಿಕೆಲ್ಲಿ ತಿಂದೆ. ಬರೀ ಹಿಟ್ಟು ನೀರು ಕಲಸಿ ಅಂಗೈಯಲ್ಲಿ ಹೊಸೆದ ದಪ್ಪ ಶಾವಿಗೆ. ನೀನಾಗಿದ್ದರೆ ಇನ್ನೂ ಸಣ್ಣಗೆ ಹೊಸೀತಿದ್ದೆ.

ಹಿತ್ತಲ ಬಾವಿಗೆ ಮುಚ್ಚಿದ ಚಪ್ಪಡಿ ಸರಿಸಿ ನೋಡಿಸ್ತೀನಿ ಅಂತ ಅಪ್ಪ ಹೇಳ್ತಿದ್ರಲ್ಲ, ನೋಡಿಸಿದ್ರಾ? ಈ ಸಲದ ಮಳೆಗೆ ನೀರು ಬಂದಿದ್ದರೆ ತಪ್ಪದೆ ಬರಿ.

ನಿನ್ನ ಮಗಳು